ಚಿತ್ರಗಾರನ ಕುಂಚವೂ ಕೃತಕ ಬುದ್ಧಿಯ ಯಂತ್ರವೂ

2025ನೆಯ ಇಸವಿ ಡಿಸೆಂಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಕೈಗಾರಿಕಾ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯವರು ಕೃತಕ ಬುದ್ಧಿಮತ್ತೆಯನ್ನೂ ಕೃತಿಸ್ವಾಮ್ಯವನ್ನೂ ಕುರಿತು ಒಂದು ಕಾರ್ಯಪತ್ರವನ್ನು ಪ್ರಕಟಿಸಿ, ಅದರ ಮೇಲೆ ಸಾರ್ವಜನಿಕರ ಅಭಿಪ್ರಾಯವನ್ನು ಬೇಡಿದರು. ಇಂತಹ ಪತ್ರಗಳು ಹೊರಟಾಗ ಅಭಿಪ್ರಾಯ ಕೊಡುವುದಕ್ಕೆ ಮುಂದೆ ಬರತಕ್ಕವರು ಕಂಪೆನಿಗಳ ಪ್ರತಿನಿಧಿಗಳು, ರಾಜಧಾನಿಯ ವಕೀಲರು, ಪ್ರಕಾಶಕರ ಸಂಘಗಳವರು. ತಲಕಾಡು, ನರಸೀಪುರ, ನಂಜನಗೂಡುಗಳಲ್ಲಿ ದೇವರ ಪಟ ಬರೆದು, ಅಂಗಡಿಯ ಬೋರ್ಡು ಬರೆದು, ನಾಟಕದ ಪರದೆಗೆ ಬಣ್ಣ ಹಾಕಿ ಸಂಸಾರ ನಡೆಸುವ ಚಿತ್ರಗಾರನಿಗೆ ಅಂತಹ ಒಂದು ಪತ್ರ ಹೊರಟಿತೆಂಬ ಸುದ್ದಿಯಾದರೂ ಮುಟ್ಟಿತೇ? ಅವನ ಅನ್ನದ ಪ್ರಶ್ನೆಯೇ ಅದರಲ್ಲಿ ಅಡಗಿರುವುದರಿಂದ, ನಮ್ಮ ವಾಚಕರ ಗಮನವನ್ನು ಈ ಕಡೆಗೆ ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಈ ಯಂತ್ರದ ರೀತಿಯನ್ನು ತಿಳಿಯೋಣ. 2022ನೆಯ ಇಸವಿಯಲ್ಲಿ ಡಾಲ್‌-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಮೂರು ಯಂತ್ರಗಳು ಕೆಲವೇ ತಿಂಗಳ ಅಂತರದಲ್ಲಿ ಜನರ ಕೈಗೆ ಬಂದವು. ಬೇಕಾದ ಚಿತ್ರವನ್ನು ಮಾತಿನಲ್ಲಿ ವರ್ಣಿಸಿದರೆ ಸಾಕು, ಅರೆನಿಮಿಷದಲ್ಲಿ ಅದು ಕಣ್ಣ ಮುಂದೆ ಬರುತ್ತದೆ. ಇದರ ಮರ್ಮವನ್ನು ತಲಕಾಡಿನವರಿಗೆ ತಿಳಿಸುವುದು ಕಷ್ಟವಲ್ಲ. ಒಂದು ಚಿತ್ರದ ಮೇಲೆ ಹಿಡಿಹಿಡಿಯಾಗಿ ಮರಳನ್ನೆರಚಿ, ಕೊನೆಗೆ ಚಿತ್ರವೇ ಕಾಣದಂತೆ ಮುಚ್ಚಿಬಿಡುವುದು. ಆ ಮರಳನ್ನು ಹೇಗೆ ತೆಗೆದರೆ ಒಳಗಿನ ರೂಪ ತೋರುವುದೆಂಬುದನ್ನು ಯಂತ್ರಕ್ಕೆ ಅಭ್ಯಾಸ ಮಾಡಿಸುವುದು. ಹೀಗೆ ಕೋಟಿಕೋಟಿ ಸಲ ಅಭ್ಯಾಸವಾದ ಮೇಲೆ ಬರಿಯ ಮರಳಿನ ರಾಶಿಯನ್ನೇ ಅದರ ಮುಂದಿಟ್ಟರೂ, ನಾವು ಹೇಳಿದ ರೂಪವನ್ನು ಅದರೊಳಗಿಂದ ಅಗೆದು ತೆಗೆಯುತ್ತದೆ. ನಮ್ಮೂರಿನಲ್ಲಿ ಅಗೆದರೆ ಹಿಂದೆ ಇದ್ದ ಗುಡಿಯೇ ಸಿಕ್ಕುತ್ತದೆ. ಅಲ್ಲಿಯಾದರೋ ಎಂದೂ ಇಲ್ಲದಿದ್ದ ಗುಡಿ ಸಿಕ್ಕುತ್ತದೆ. ವ್ಯತ್ಯಾಸ ಅಷ್ಟೆ.

ಅಭ್ಯಾಸಕ್ಕೆ ಬೇಕಾದ ಚಿತ್ರಗಳು ಎಲ್ಲಿಂದ ಬಂದವು? ಲಾಯಾನ್ ಎಂಬ ಜರ್ಮನಿಯ ಸಂಸ್ಥೆಯವರು 2022ರಲ್ಲಿ ಅಂತರಜಾಲವನ್ನೆಲ್ಲಾ ಜಾಲಾಡಿ, 585 ಕೋಟಿ ಚಿತ್ರಗಳ ವಿಳಾಸಗಳನ್ನೂ ವಿವರಣೆಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರು. ಸ್ಟೇಬಲ್ ಡಿಫ್ಯೂಷನ್ ಯಂತ್ರಕ್ಕೆ ಪಾಠವಾದದ್ದು ಈ ಭಂಡಾರದಿಂದಲೇ. ಬರೆದವನನ್ನು ಯಾರೂ ಕೇಳಲಿಲ್ಲ. ಹಿಂದೆ ನಮ್ಮ ಹತ್ತಿಯು ಲಂಕಾಷೈರಿಗೆ ಹೋಗಿ ಬಟ್ಟೆಯಾಗಿ ಹಿಂದಿರುಗುತ್ತಿತ್ತು. ಆದರೂ ಹತ್ತಿಗೆ ಅಷ್ಟೋ ಇಷ್ಟೋ ಬೆಲೆಯಾದರೂ ಸಿಕ್ಕುತ್ತಿತ್ತು. ಈಗ ಚಿತ್ರವು ಬೆಲೆಯಿಲ್ಲದೆ ಹೋಗಿ, ತಿಂಗಳ ಚಂದಾ ಕೊಟ್ಟು ಕೊಳ್ಳಬೇಕಾದ ಸರಕಾಗಿ ಹಿಂದಿರುಗುತ್ತಿದೆ. ಯಂತ್ರಗಳ ಒಡೆಯರು ಬಹುಮಟ್ಟಿಗೆ ಪರದೇಶದ ಕಂಪೆನಿಗಳವರು. 2025ರ ಮಾರ್ಚಿಯಲ್ಲಿ ಜಪಾನಿನ ಜಿಬ್ಲಿ ಚಿತ್ರಶಾಲೆಯ ಶೈಲಿಯಲ್ಲಿ ತಮ್ಮ ಮುಖಗಳನ್ನು ಬರೆಯಿಸಿಕೊಳ್ಳುವ ಹುಚ್ಚು ದೇಶಾದ್ಯಂತ ಹಬ್ಬಿದುದು ವಾಚಕರಿಗೆ ನೆನಪಿರಬಹುದು. ಆ ಶೈಲಿಯನ್ನು ಜೀವಮಾನವೆಲ್ಲಾ ಕುಳಿತು ಕಟ್ಟಿದ ಮಿಯಾಜಾಕಿಯವರಿಗೆ ಅದರಿಂದ ದೊರೆತುದೇನು ಎಂದು ಕೇಳಿದವರು ಬಹಳ ಮಂದಿ ಇರಲಿಲ್ಲ.

ಇಷ್ಟರಿಂದ ಯಂತ್ರವನ್ನು ಬಹಿಷ್ಕರಿಸಬೇಕೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಮೈಸೂರಿನ ಚಿತ್ರಕಲೆ ಯಂತ್ರವನ್ನು ಕಂಡದ್ದು ಇದೇ ಮೊದಲಲ್ಲ. 1894ರಲ್ಲಿ ರಾಜಾ ರವಿವರ್ಮನು ಬೊಂಬಾಯಿಯಲ್ಲಿ ಜರ್ಮನಿಯ ಯಂತ್ರಗಳನ್ನು ತರಿಸಿ ಕಲ್ಲಚ್ಚಿನ ಮುದ್ರಣಾಲಯವನ್ನು ಹೂಡಿದ ಮೇಲೆ ಲಕ್ಷ್ಮೀ ಸರಸ್ವತಿಯರ ವರ್ಣಪಟಗಳು ಅಲ್ಪಬೆಲೆಗೆ ಮನೆಮನೆಗೂ ಬಂದವು. ಮಕ್ಕಿಸುದೆಯನ್ನು ಅರೆದು, ಬಂಗಾರದ ರೇಕನ್ನು ಅಂಟಿಸಿ, ಒಂದೊಂದು ಪಟಕ್ಕೆ ವಾರಗಟ್ಟಲೆ ಕುಳಿತುಕೊಳ್ಳುತ್ತಿದ್ದ ನಮ್ಮ ಚಿತ್ರಗಾರನಿಗೆ ಬಡವರ ಮನೆಯ ಗಿರಾಕಿ ತಪ್ಪಿಹೋಯಿತು. ಕ್ಯಾಮೆರಾ ಬಂದು ಶ್ರೀಮಂತರ ಭಾವಚಿತ್ರಗಳ ಕೆಲಸವನ್ನೂ ಕಿತ್ತುಕೊಂಡಿತು. ಆಗ ಮೈಸೂರು ಸಂಸ್ಥಾನವು ಮಾಡಿದ್ದೇನು? ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಚಾಮರಾಜೇಂದ್ರ ತಾಂತ್ರಿಕ ಶಾಲೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲಿಡಿಸಿತು. ಚಿತ್ರಗಾರರ ಮನೆತನದ ವೆಂಕಟಪ್ಪನವರನ್ನು ಅವನೀಂದ್ರನಾಥ ಠಾಕೂರರಲ್ಲಿ ಕಲಿಯುವುದಕ್ಕೆ ಕಲ್ಕತ್ತೆಗೆ ಕಳುಹಿಸಿತು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸವನ್ನು ಕೊಟ್ಟಿತು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಗಳಿರುವುದು ಎಲ್ಲರಿಗೂ ತಿಳಿದ ವಿಷಯ. ವೈ. ಸುಬ್ರಹ್ಮಣ್ಯರಾಜು, ಕೇಶವಯ್ಯ ಮೊದಲಾದ ಮೈಸೂರಿನ ಚಿತ್ರಗಾರರು 1934ರಿಂದ 1945ರ ವರೆಗೆ ಅವುಗಳನ್ನು ಬರೆದರು. ಬರೆದದ್ದು ನಿಜವಾದ ಮೆರವಣಿಗೆಗಳ ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು. ಅನ್ನವನ್ನು ಕಸಿಯಬಂದ ಕ್ಯಾಮೆರಾವೇ ಆ ಗೋಡೆಯ ಮೇಲೆ ಅವರ ಕೈಕೆಳಗಿನ ಆಳಾಯಿತು. ಆಳಾಗುವುದಕ್ಕೆ ಕಾರಣವು ಕ್ಯಾಮೆರಾದ ವಿನಯವಲ್ಲ; ಹನ್ನೊಂದು ವರ್ಷ ಸಂಬಳ ಕೊಟ್ಟ ಅರಮನೆಯ ಬೊಕ್ಕಸ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. "ಹೊಸ ವಿದ್ಯೆಯನ್ನು ಕಲಿಯಿರಿ, ಇಲ್ಲವಾದರೆ ಮೂಲೆಗೆ ಸೇರಿರಿ" ಎಂದು ಬೆಂಗಳೂರಿನ ಕೆಲವು ಮಹಾಶಯರು ಸಭೆಗಳಲ್ಲಿ ಉಪದೇಶಿಸುತ್ತಿರುತ್ತಾರೆ. ಉಪದೇಶಕ್ಕೆ ಖರ್ಚಿಲ್ಲ. ಬೋರ್ಡು ಬರೆಯುವವರ ಗತಿ ಏನಾಯಿತೆಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಫ್ಲೆಕ್ಸ್ ಮುದ್ರಣ ಬಂದು ಹತ್ತು ವರ್ಷ ತುಂಬುವುದರೊಳಗೆ ಸುಣ್ಣದ ಗೋಡೆಯ ಮೇಲೆ ಅಕ್ಷರ ಬರೆಯುವ ಕೈಗಳು ಊರೂರಿನಲ್ಲಿಯೂ ಬರಿದಾದವು. ಅವರಿಗೆ ಯಾರೂ ಏನನ್ನೂ ಕಲಿಸಲಿಲ್ಲ. ಉಚ್ಚ ನ್ಯಾಯಾಲಯದ ಆಗ್ರಹದ ಮೇರೆಗೆ 2018ರಲ್ಲಿ ಬೆಂಗಳೂರಿನ ನಗರಪಾಲಿಕೆಯವರು ಫ್ಲೆಕ್ಸುಗಳನ್ನು ಕಿತ್ತುಹಾಕಿಸಿದಾಗ, ಕುಂಚ ಹಿಡಿಯಬಲ್ಲವರಲ್ಲಿ ಅನೇಕರು ಆಗಲೇ ಬೇರೆ ಕಸಬು ಹಿಡಿದಿದ್ದರು.

ಹಾಗಾದರೆ ಈ ಯಂತ್ರದ ಮುಂದೆ ಚಿತ್ರಗಾರನಿಗೆ ಏನು ಉಳಿದಿದೆ? ಉಳಿದಿರುವುದು ಅಲ್ಪವಲ್ಲ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಾಲಯವನ್ನು ನೋಡಿರಿ. 1258ರಲ್ಲಿ ಪ್ರತಿಷ್ಠಿತವಾಗಿ, 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಯಲ್ಲಿ ಕೇಶವನಿಗೊಂದು ಗರ್ಭಗುಡಿ, ಜನಾರ್ದನನಿಗೊಂದು, ವೇಣುಗೋಪಾಲನಿಗೊಂದು. ಕೇಶವನಿಗೂ ಜನಾರ್ದನನಿಗೂ ಇರುವ ಭೇದವು ಮುಖದಲ್ಲಿಲ್ಲ, ಕಿರೀಟದಲ್ಲಿಲ್ಲ; ಶಂಖ ಚಕ್ರ ಗದಾ ಪದ್ಮಗಳು ಯಾವ ಕೈಯಲ್ಲಿ ಯಾವುದಿದೆ ಎಂಬ ಕ್ರಮದಲ್ಲಿದೆ. ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಗಳನ್ನು ಗುರುತಿಸತಕ್ಕದ್ದು ಹೀಗೆಯೇ. ಯಂತ್ರಕ್ಕೆ ಈ ಲಕ್ಷಣಜ್ಞಾನವಿಲ್ಲ. ಅದು ಸಾವಿರ ಪಟಗಳ ಸರಾಸರಿಯನ್ನು ಬಲ್ಲುದು. ವಿಷ್ಣುವನ್ನು ಬರೆ ಎಂದರೆ ಥಳಥಳಿಸುವ ದೇವರೊಬ್ಬನನ್ನು ತಂದು ನಿಲ್ಲಿಸುತ್ತದೆ. ಅವನ ಕೈಯಲ್ಲಿ ಆಯುಧಗಳು ಎಲ್ಲಿಂದೆಲ್ಲಿಗೋ ಹೋಗಿರಬಹುದು, ಕೈಗಳ ಲೆಕ್ಕವೇ ತಪ್ಪಿರಬಹುದು. ವಿಷ್ಣುವರ್ಧನನು ಚೋಳರನ್ನು ಗೆದ್ದ ನೆನಪಿಗಾಗಿ ತಲಕಾಡಿನಲ್ಲಿ 1117ರಲ್ಲಿ ನಿಲ್ಲಿಸಿದ ಕೀರ್ತಿನಾರಾಯಣನ ಚಿತ್ರವೆಂದು ಅದನ್ನು ಆಹ್ವಾನಪತ್ರಿಕೆಯ ಮೇಲೆ ಅಚ್ಚುಹಾಕಿಸಿದರೆ, ಅದು ನಾರಾಯಣನೂ ಅಲ್ಲ, ಕೇಶವನೂ ಅಲ್ಲ, ಇಪ್ಪತ್ತೈದನೆಯ ಒಬ್ಬ ಮೂರ್ತಿ! ಇದನ್ನು ತಿದ್ದಬಲ್ಲವನು ಲಕ್ಷಣ ಬಲ್ಲ ಚಿತ್ರಗಾರನೇ. ಕರಡುಗಳನ್ನು ಯಂತ್ರದಿಂದ ತೆಗೆಸಿ ಗಿರಾಕಿಗೆ ತೋರಿಸಿ, ಒಪ್ಪಿದ ಮೇಲೆ ಶಾಸ್ತ್ರಕ್ಕೆ ಹೊಂದುವಂತೆ ತನ್ನ ಕೈಯಿಂದ ಬರೆಯುವವನಿಗೆ ದಿನಗಳು ಉಳಿಯುವುದರಲ್ಲಿ ಸಂದೇಹವಿಲ್ಲ. ಬೇಡವೆನ್ನುವವನನ್ನು ಬಲವಂತ ಮಾಡುವುದೂ ಸಲ್ಲದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ರಕ್ಷೆಯುಂಟು. ಯಂತ್ರದ ಅಚ್ಚನ್ನು ಆ ಹೆಸರಿನಿಂದ ಮಾರುವವರ ಮೇಲೆ ಆ ಕಾಯಿದೆಯನ್ನು ಪ್ರಯೋಗಿಸುವ ಮನಸ್ಸು ಅಧಿಕಾರಿಗಳಿಗೆ ಬರಬೇಕು.

ಇನ್ನು ಕಾರ್ಯಪತ್ರದ ವಿಷಯ. ಕಂಪೆನಿಗಳು ನ್ಯಾಯವಾಗಿ ದೊರೆಯುವ ಎಲ್ಲ ಕೃತಿಗಳನ್ನೂ ಯಂತ್ರಕ್ಕೆ ಪಾಠವಾಗಿ ಉಪಯೋಗಿಸಬಹುದು, ಕರ್ತೃವು ಬೇಡವೆನ್ನುವಂತಿಲ್ಲ. ಅದಕ್ಕೆ ಬದಲಾಗಿ ತಮ್ಮ ಆದಾಯದಲ್ಲಿ ಒಂದು ಪಾಲನ್ನು ರಾಯಧನವಾಗಿ ಕಟ್ಟಬೇಕು, ಅದನ್ನು ಒಂದು ಸಂಸ್ಥೆಯು ವಸೂಲು ಮಾಡಿ ಕರ್ತೃಗಳಿಗೆ ಹಂಚಬೇಕು ಎಂಬುದು ಅದರ ಸಲಹೆಯ ಸಾರ. ಕಂಪೆನಿಗಳ ಪರವಾಗಿ ನಾಸ್ಕಾಂ ಇದಕ್ಕೆ ಭಿನ್ನಾಭಿಪ್ರಾಯವನ್ನು ಕೊಟ್ಟಿದೆ. ಬೇಡವೆನ್ನುವ ಹಕ್ಕನ್ನು ಕರ್ತೃವಿನಿಂದ ಕಿತ್ತುಕೊಳ್ಳುವುದು ನಮಗೂ ಒಪ್ಪಿಗೆಯಿಲ್ಲ. ಆದರೆ ಪಾಲೇ ಇಲ್ಲದ ಇಂದಿನ ಸ್ಥಿತಿಗಿಂತ ಪಾಲು ಸಿಕ್ಕುವುದು ಮೇಲೆಂಬುದನ್ನು ಅಲ್ಲಗಳೆಯಲಾರೆವು. ಪರದೇಶದ ನ್ಯಾಯಾಲಯಗಳನ್ನು ನಂಬಿ ಕುಳಿತುಕೊಳ್ಳುವಂತಿಲ್ಲ: 2023ರ ಜನವರಿಯಲ್ಲಿ ಅಮೆರಿಕದ ಮೂವರು ಚಿತ್ರಗಾರರು ಹೂಡಿದ ದಾವೆ ವರ್ಷಗಟ್ಟಲೆ ಎಳೆಯಿತು; ಲಂಡನ್ನಿನಲ್ಲಿ ಗೆಟ್ಟಿ ಕಂಪೆನಿಯವರು ಹೂಡಿದ್ದು 2025ರ ನವೆಂಬರಿನಲ್ಲಿ ಬಹುಪಾಲು ಬಿದ್ದುಹೋಯಿತು.

ಹಣ ಬರುವುದಾದರೆ ಅದು ಯಾರ ಕೈಗೆ ಸೇರುವುದು? ಇಲ್ಲಿಯೇ ನಮಗೆ ಚಿಂತೆ. 2025ರಲ್ಲಿ ಆಂತ್ರೋಪಿಕ್ ಎಂಬ ಅಮೆರಿಕದ ಕಂಪೆನಿಯು ಕಳ್ಳಪ್ರತಿಗಳ ಭಂಡಾರಗಳಿಂದ ಪುಸ್ತಕಗಳನ್ನು ಇಳಿಸಿಕೊಂಡ ವ್ಯಾಜ್ಯದಲ್ಲಿ 150 ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರು. ಆದರೆ ಅದು ಸಲ್ಲುವುದು ಅಲ್ಲಿನ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲದಲ್ಲಿ ದಾಖಲಾದ ಪುಸ್ತಕಗಳಿಗೆ ಮಾತ್ರ. ದಾಖಲೆಯಿಲ್ಲದವನಿಗೆ ಅದರಲ್ಲಿ ಪಾಲಿಲ್ಲ. ನಮ್ಮ ದೇಶದ 1957ರ ಕಾಯಿದೆಯಂತೆ ಚಿತ್ರ ಬರೆದ ಕ್ಷಣದಿಂದಲೇ ಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ, ಬರೆದವನು ತೀರಿಕೊಂಡ ಮೇಲೂ 60 ವರ್ಷ ಹಕ್ಕು ನಿಲ್ಲುತ್ತದೆ ಎಂಬುದೆಲ್ಲ ನಿಜ. ಆದರೆ ಹಂಚುವ ಗುಮಾಸ್ತನು ಕೇಳತಕ್ಕದ್ದು ಪುರಾವೆಯನ್ನು. ನಮ್ಮ ಚಿತ್ರಗಾರರಲ್ಲಿ ಎಷ್ಟೋ ಮಂದಿ ಪಟದ ಮೂಲೆಯಲ್ಲಿ ಹೆಸರನ್ನೂ ಬರೆಯುವುದಿಲ್ಲ. ದೇವರ ಪಾದದ ಬಳಿ ತನ್ನ ಹೆಸರೇಕೆ ಎಂಬ ಸಂಕೋಚ. ಈ ಸಂಕೋಚವು ಸಂಪ್ರದಾಯವೆಂದು ತಿಳಿದವರು ಸೋಮನಾಥಪುರಕ್ಕೆ ಇನ್ನೊಮ್ಮೆ ಹೋಗಿ ನೋಡಲಿ. ಅಲ್ಲಿಯ ವಿಗ್ರಹಗಳ ಪೀಠಗಳ ಮೇಲೆ ಮಲ್ಲಿತಮ್ಮನೆಂಬ ರೂವಾರಿಯು ತನ್ನ ಹೆಸರನ್ನು ಒಂದಲ್ಲ, ಹತ್ತಾರು ಕಡೆ ಕೊರೆದಿಟ್ಟಿದ್ದಾನೆ. ಏಳುನೂರ ಅರುವತ್ತು ವರ್ಷಗಳ ಮೇಲೂ ಅವನ ಕೆಲಸಕ್ಕೆ ಒಡೆಯನಾರೆಂದು ಯಾರೂ ತಕರಾರು ತೆಗೆಯುವಂತಿಲ್ಲ!

ಆದುದರಿಂದ ಮೊದಲನೆಯ ಕಾರ್ಯವು ಹೆಸರಿನದು. ಲಲಿತಕಲಾ ಅಕಾಡೆಮಿಯವರು ತಾಲ್ಲೂಕು ತಾಲ್ಲೂಕಿಗೆ ಬಂದು ಚಿತ್ರಗಾರರ ಪಟ್ಟಿಯನ್ನೂ, ಅವರ ಕೃತಿಗಳ ತಾರೀಖುಸಹಿತವಾದ ಛಾಯಾಚಿತ್ರಗಳನ್ನೂ ಸಿದ್ಧಪಡಿಸಲಿ. ಕೃತಿಸ್ವಾಮ್ಯದ ನೋಂದಣಿಗೆ ಕಲಾಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ. ಬಡ ಚಿತ್ರಗಾರನ ಐದಾರು ಮುಖ್ಯ ಕೃತಿಗಳ ಶುಲ್ಕವನ್ನು ಅಕಾಡೆಮಿಯೇ ಕಟ್ಟಿದರೆ ಅದರ ಬೊಕ್ಕಸವೇನೂ ಬರಿದಾಗದು. ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಗಣಕಯಂತ್ರಗಳನ್ನು ಪಡೆಯುತ್ತಿರುವುದರಿಂದ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಅಲ್ಲಿಗೇ ಬಂದು ವಾರಕ್ಕೊಂದು ಸಂಜೆ ಹೊಸ ಯಂತ್ರದ ಉಪಯೋಗವನ್ನೂ ಅದರ ಮೋಸಗಳನ್ನೂ ತಿಳಿಸಬಹುದು. ಚಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್ ಎಂಬ ಉಪಾಯವನ್ನು ಬಿಟ್ಟಿಯಾಗಿ ಕೊಟ್ಟರು. ಚಿತ್ರವನ್ನು ಅಂತರಜಾಲಕ್ಕೆ ಏರಿಸುವ ಮುನ್ನ ಅದನ್ನು ಲೇಪಿಸಿದರೆ ಯಂತ್ರವು ಶೈಲಿಯನ್ನು ಕದಿಯುವುದು ಕಷ್ಟವಾಗುತ್ತದೆ. ಅದು ಅಭೇದ್ಯ ಕವಚವಲ್ಲ, ಆದರೂ ತಿಳಿದಿರಬೇಕಾದ ವಿಷಯ.

ಎರಡನೆಯದು ಬಂಡವಾಳ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸಬುಗಳನ್ನು ಸೇರಿಸಿದರು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯ, ಉಪಕರಣಗಳಿಗೆ 15,000, ನೂರಕ್ಕೆ 5ರ ಬಡ್ಡಿಯಲ್ಲಿ ಮೂರು ಲಕ್ಷದ ವರೆಗೆ ಸಾಲ. ಶಿಲ್ಪಿಗೆ ಅದರಲ್ಲಿ ಸ್ಥಾನವಿತ್ತು, ಬೊಂಬೆ ಮಾಡುವವನಿಗಿತ್ತು, ಬಡಗಿ ಕಮ್ಮಾರ ಅಕ್ಕಸಾಲೆಗಳಿಗಿತ್ತು. ಚಿತ್ರಗಾರನಿಗೆ ಮಾತ್ರ ಇರಲಿಲ್ಲ. ವಿಶ್ವಕರ್ಮನ ಹೆಸರಿನ ಪಟ್ಟಿಯಲ್ಲಿ ವಿಶ್ವಕರ್ಮನ ಪಟ ಬರೆಯುವವನೇ ಬಿಟ್ಟುಹೋದದ್ದು ವಿಚಿತ್ರ. ಕೃತಕ ಬುದ್ಧಿಯ ಅಭಿವೃದ್ಧಿಗೆ 2024ರ ಮಾರ್ಚಿಯಲ್ಲಿ 10,372 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದ ಕೇಂದ್ರ ಸರ್ಕಾರದವರು, ಆ ಯಂತ್ರದಿಂದ ಮೊದಲು ಏಟು ತಿನ್ನುವ ಕಸಬನ್ನು ಈ ಪಟ್ಟಿಗೆ ಸೇರಿಸುವುದಕ್ಕೆ ಹಣವಿಲ್ಲವೆಂದು ಹೇಳಲಾರರು. ಮೈಸೂರಿನ ಲೋಕಸಭಾ ಸದಸ್ಯರೂ ಚಾಮರಾಜನಗರದವರೂ ಪಕ್ಷಭೇದವಿಲ್ಲದೆ ಇದನ್ನು ಕೇಳಬೇಕು.

ಮೂರನೆಯದೂ ಎಲ್ಲಕ್ಕಿಂತ ಸುಲಭವಾದದ್ದೂ ಕೆಲಸ ಕೊಡುವುದು. ಅರಮನೆಯ ಸ್ಥಾನದಲ್ಲಿ ಈಗ ಇಲಾಖೆಗಳಿವೆ. ದಸರಾ ಸ್ತಬ್ಧಚಿತ್ರಗಳು, ಪಠ್ಯಪುಸ್ತಕಗಳ ಚಿತ್ರಗಳು, ಪ್ರವಾಸೋದ್ಯಮದ ಫಲಕಗಳು, ಮುಜರಾಯಿ ದೇವಾಲಯಗಳ ಪ್ರಕಟಣೆಗಳು: ಇವುಗಳಲ್ಲಿ ಯಂತ್ರದ ಚಿತ್ರವನ್ನು ಉಪಯೋಗಿಸಿದರೆ ಹಾಗೆಂದು ಬರೆಯತಕ್ಕದ್ದು, ಮನುಷ್ಯನು ಬರೆದರೆ ಅವನ ಹೆಸರನ್ನು ಅಚ್ಚುಹಾಕತಕ್ಕದ್ದು ಎಂದು ಟೆಂಡರಿನಲ್ಲಿ ಒಂದು ಷರತ್ತನ್ನು ಸೇರಿಸಲು ಹೊಸ ಶಾಸನವೇನೂ ಬೇಕಿಲ್ಲ. ತಲಕಾಡಿನಲ್ಲಿ 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ನಡೆಯಿತು. ಕಾರ್ತಿಕದ ಯೋಗ ಕೂಡಿಬಂದು ಮುಂದಿನ ದರ್ಶನ ನಿಶ್ಚಯವಾದಾಗ ಜಿಲ್ಲಾಧಿಕಾರಿಗಳ ಕಚೇರಿಯಿಂದ ಭಿತ್ತಿಪತ್ರಗಳಿಗೂ ಸ್ವಾಗತದ ಕಮಾನುಗಳಿಗೂ ಅಪ್ಪಣೆಯಾಗುವುದಷ್ಟೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮಲ್ಲಿಕಾರ್ಜುನ ಈ ಐವರ ಚಿತ್ರಗಳನ್ನು ನರಸೀಪುರ, ನಂಜನಗೂಡು ತಾಲ್ಲೂಕುಗಳ ಚಿತ್ರಗಾರರಿಂದಲೇ, ಬೇಕಾದವರು ಯಂತ್ರದ ನೆರವನ್ನು ಪಡೆದುಕೊಂಡು, ಬರೆಯಿಸಬೇಕೆಂದೂ, ಸಂಭಾವನೆಯನ್ನು ಮುಂಗಡವಾಗಿ ನಿಗದಿಮಾಡಬೇಕೆಂದೂ, ಪ್ರತಿಯೊಂದರ ಕೆಳಗೂ ಬರೆದವರ ಹೆಸರು ಇರಬೇಕೆಂದೂ ನಾವು ಈಗಲೇ ಬಿನ್ನವಿಸಿಕೊಳ್ಳುತ್ತೇವೆ.