ಗಡಿಯ ಬಾಗಿಲೂ ರೋಗಿಯ ಹಾಸಿಗೆಯೂ

ಮಹಾಮಾರಿಯು ಬಂದಾಗ ಸರಕಾರದವರು ಮೊಟ್ಟಮೊದಲು ಗಡಿಯನ್ನು ಮುಚ್ಚುವರು. ಮನೆಯವರು ಮೊಟ್ಟಮೊದಲು ದೂರದಲ್ಲಿರುವ ತಮ್ಮವರನ್ನು ನೆನೆಯುವರು. ಎರಡೂ ಒಂದೇ ಭಯದಿಂದ ಹುಟ್ಟಿದವುಗಳೇ; ಆದರೆ ಒಂದು ಮತ್ತೊಂದಕ್ಕೆ ಅಡ್ಡ ಬರುವದು. ಸೋಂಕನ್ನು ತಡೆಯಬೇಕೆಂಬುದರಲ್ಲಿ ನಮಗೆ ಲೇಶವೂ ಸಂಶಯವಿಲ್ಲ. ಆದರೆ ಸೋಂಕಿನ ನೆವದಿಂದ ವೈದ್ಯನ ಬಳಿಗೆ ಹೊರಟ ರೋಗಿಯನ್ನೂ ತಡೆಯಬಹುದೇ? ಈ ಪ್ರಶ್ನೆಯನ್ನು ಕನ್ನಡಿಗರು ಶಾಂತಚಿತ್ತದಿಂದ ಆಲೋಚಿಸಬೇಕಾಗಿದೆ. ರೋಗವಿಲ್ಲದ ಕಾಲವೇ ಅದಕ್ಕೆ ತಕ್ಕ ಕಾಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ.

ಸಿಂದಗಿ ಸೀಮೆಯ ದೇವಣಗಾಂವವು ಭೀಮಾನದಿಯ ದಂಡೆಯ ಊರು. 1918ರಲ್ಲಿ ಈಚೆಯ ದಂಡೆಯು ಮುಂಬಯಿ ಇಲಾಖೆಗೂ ಆಚೆಯ ದಂಡೆಯು ನಿಜಾಮನ ಸಂಸ್ಥಾನಕ್ಕೂ ಸೇರಿದ್ದವು. ಈಚೆಗೆ ಇಂಗ್ರಜಿ ಸರಕಾರದ ರೂಪಾಯಿ, ಆಚೆಯ ಮೊಗಲಾಯಿಯಲ್ಲಿ ಹಾಲಿ ಸಿಕ್ಕಾ. ಆದರೆ ಎರಡೂ ದಂಡೆಗಳಲ್ಲಿ ಬಿತ್ತುವದು ಅದೇ ಜೋಳ, ಆಡುವದು ಅದೇ ಕನ್ನಡ. ಹೆಣ್ಣು ಕೊಡುವವರೂ ತರುವವರೂ ನಡುವೆ ಹೊಳೆಯಿದೆಯೆಂದು ನಿಲ್ಲುವವರಲ್ಲ. ಆ ವರ್ಷದ ಜೂನಿನಲ್ಲಿ ಮುಂಬಯಿ ಬಂದರದಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ಸಪ್ಟಂಬರ-ಅಕ್ಟೋಬರಗಳಲ್ಲಿ ಉಗ್ರರೂಪವನ್ನು ತಾಳಿ ದಖ್ಖಣದ ಹಳ್ಳಿಹಳ್ಳಿಗಳನ್ನು ಹೊಕ್ಕಿತು. ಮಳೆ ಕೈಕೊಟ್ಟ ವರ್ಷವದು; ಯುದ್ಧದ ದೆಸೆಯಿಂದ ಕಾಳುಕಡಿಯ ಧಾರಣೆಯೂ ಏರಿತ್ತು. ಮುಂಬಯಿ ಇಲಾಖೆಯೊಂದರಲ್ಲಿಯೇ ಸುಮಾರು 10 ಲಕ್ಷ ಜನರೂ, ಹಿಂದುಸ್ಥಾನದಲ್ಲಿ ಒಟ್ಟು 1 ಕೋಟಿ 20 ಲಕ್ಷದಿಂದ 2 ಕೋಟಿ ಜನರೂ ಮಡಿದರೆಂದು ಬಲ್ಲವರ ಅಂದಾಜು. 1921ರ ಖಾನೇಸುಮಾರಿಯಲ್ಲಿ ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆಯು 1911ಕ್ಕಿಂತ ಕಡಿಮೆಯಾಗಿತ್ತು.

ಸಂಖ್ಯೆಗಿಂತಲೂ ಹೆಚ್ಚಾಗಿ ವಿಚಾರಿಸತಕ್ಕದ್ದು ಆ ಜ್ವರವು ಯಾರನ್ನು ಒಯ್ದಿತೆಂಬುದನ್ನು. ದುಡಿಯುವ ಪ್ರಾಯದವರನ್ನು, 20ರಿಂದ 40ರ ಒಳಗಿನವರನ್ನು ಅದು ವಿಶೇಷವಾಗಿ ಒಯ್ದಿತು. ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಒಯ್ದಿತು. ತಮಗೇ ಜ್ವರವಿದ್ದರೂ ಮನೆಗೆಲಸವನ್ನೂ ರೋಗಿಗಳ ಶುಶ್ರೂಷೆಯನ್ನೂ ಬಿಡಲಾರದೆ ಅವರು ಬಳಲಿದುದೇ ಇದಕ್ಕೆ ಕಾರಣವೆಂದು ಆ ಖಾನೇಸುಮಾರಿಯ ವರದಿಯು ಸೂಚಿಸಿದೆ. ಮನೆಯೇ ಆಸ್ಪತ್ರೆಯಾಗಿದ್ದ ಕಾಲದಲ್ಲಿ ಮನೆಯವಳೇ ದಾದಿ. ಆಕೆಯೇ ಹಾಸಿಗೆ ಹಿಡಿದರೆ ಗಂಜಿ ಕಾಯಿಸಲು ಬರಬೇಕಾದವರು ತವರಿನ ತಾಯಿ, ಅಕ್ಕ, ತಂಗಿ. ಆ ತವರು ಹೊಳೆಯಾಚೆಗೆ ಇದ್ದಲ್ಲಿ? ಬಡವನ ಮನೆಗೆ ಬಂಧುಗಳು ಬಂದು ಮುಟ್ಟುವದೇ ಮೊದಲನೆಯ ಔಷಧವೆಂಬುದನ್ನು ದೊಡ್ಡ ದಫ್ತರಗಳಲ್ಲಿ ಕುಳಿತವರು ಸುಲಭವಾಗಿ ಮರೆಯುವರು.

ಆ ಜ್ವರಕ್ಕೆ ಎರಡು ವರ್ಷ ಮೊದಲು, 1916ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಏಕೀಕರಣ ಸಭೆಯು ಹುಟ್ಟಿತ್ತು. ಅದಕ್ಕಾಗಿ ದುಡಿದವರಲ್ಲಿ ಅಗ್ರಗಣ್ಯರಾದ ಆಲೂರ ವೆಂಕಟರಾಯರು ವಿಜಾಪುರದಲ್ಲಿಯೇ ಜನಿಸಿದವರು. ಹರಿದು ಹಂಚಿಹೋದ ಕನ್ನಡಿಗರು ಒಂದೇ ಆಡಳಿತದಲ್ಲಿ ಬಾಳಬೇಕೆಂದು ಅವರು ಹಂಬಲಿಸಿದುದು ಗತವೈಭವದ ಅಭಿಮಾನಕ್ಕಾಗಿ ಮಾತ್ರವಲ್ಲ. ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಒದಗಲೆಂದು. 1956ರ ನವಂಬರ 1ರಂದು ಭೀಮೆಯ ಎರಡೂ ದಂಡೆಗಳು ಒಂದೇ ರಾಜ್ಯದಲ್ಲಿ ಕೂಡಿದವು. 2020ರ ಮಾರ್ಚಿಯಲ್ಲಿ ದೇಶದ ಮೊದಲನೆಯ ಕೊರೋನಾ ಸಾವು ಕಲಬುರಗಿ ಜಿಲ್ಲೆಯಲ್ಲಿ, ಅಂದರೆ ಆಚೆಯ ದಂಡೆಯ ಜಿಲ್ಲೆಯಲ್ಲಿಯೇ ದಾಖಲಾಯಿತು. ಆಗ ಹೊಳೆಯನ್ನು ದಾಟಲೇಬೇಕಾದವನು ಎರಡು ಸರಕಾರಗಳ ಬಾಗಿಲು ಕಾಯಬೇಕಾಗಿರಲಿಲ್ಲ. ಏಕೀಕರಣದ ಈ ಫಲವು ಅಲ್ಪವಾದುದಲ್ಲ.

ಆದರೆ ಅದೇ ಮಾರ್ಚಿಯಲ್ಲಿ ನಮ್ಮ ರಾಜ್ಯದ ಮತ್ತೊಂದು ಅಂಚಿನಲ್ಲಿ ನಡೆದುದನ್ನು ನೆನೆದರೆ ತಲೆ ತಗ್ಗುವದು. ಕಾಸರಗೋಡಿನ ಜನರು, ಅದು ದಕ್ಷಿಣ ಕನ್ನಡದಲ್ಲಿದ್ದ ಕಾಲದಿಂದಲೂ, ದೊಡ್ಡ ರೋಗಕ್ಕೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. ಕರ್ನಾಟಕ ಸರಕಾರವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು. ಗಡಿಯ ಒಳದಾರಿಗಳಿಗೆ ಮಣ್ಣು ಸುರಿಸಿತು. ಮಂಗಳೂರು ಮುಟ್ಟಲಾರದೆ ಹಲವರು ಪ್ರಾಣಬಿಟ್ಟರು; ಅವರಿಗೆ ಬಂದಿದ್ದುದು ಕೊರೋನಾ ಅಲ್ಲ, ಬೇರೆ ಬೇನೆಗಳು. ಏಪ್ರಿಲ 1ರಂದು ಕೇರಳದ ಉಚ್ಚ ನ್ಯಾಯಾಲಯವು ಹೆದ್ದಾರಿಯ ತಡೆಯನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ 7ರಂದು, ರೋಗಿಗಳನ್ನು ಬಿಡುವ ಕ್ರಮವೊಂದು ಗೊತ್ತಾಯಿತೆಂದು ಅಲ್ಲಿ ತಿಳಿಸಲಾಯಿತು.

ಆಗ ಕಾಸರಗೋಡಿನಲ್ಲಿ ಸೋಂಕು ಬಹಳವಾಗಿತ್ತೆಂದು ಸರಕಾರದವರು ಹೇಳಿದರು. ಅದು ನಿಜ, ಮಂಗಳೂರಿನವರ ಭಯವನ್ನು ನಾವು ಹೀಗಳೆಯುವದಿಲ್ಲ. ಆದರೆ ತಪಾಸಣೆ ಮಾಡಿ ರೋಗಿಯನ್ನು ಬಿಡುವ ಕ್ರಮವು ಏಪ್ರಿಲ 7ರಂದು ಸಾಧ್ಯವಾದುದು ಮುಚ್ಚಿದ ಮೊದಲನೆಯ ದಿನವೇ ಏಕೆ ಸಾಧ್ಯವಾಗಲಿಲ್ಲ? ಚಂದ್ರಗಿರಿಯ ಉತ್ತರದ ನೆಲವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದ ಮಾತನ್ನು ನಾವು ಪ್ರತಿ ರಾಜ್ಯೋತ್ಸವದಲ್ಲಿಯೂ ಎತ್ತಿ ಆಡುವೆವು. ಭಾಷಣದಲ್ಲಿ ತಮ್ಮನೆಂದು ಕರೆದವನ ದಾರಿಗೆ ಸಂಕಟದಲ್ಲಿ ಮಣ್ಣು ಸುರಿಯುವದು ಯಾವ ನ್ಯಾಯ? ಮುಂದೆ ಮೇ 18ರಂದು ಮಹಾರಾಷ್ಟ್ರವೇ ಮೊದಲಾದ ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೂ ಪ್ರವೇಶವಿಲ್ಲವೆಂದು ಸಾರಲಾಯಿತು. ಹಾಗೆ ಹೊರಗುಳಿದವರಲ್ಲಿ ಪುಣೆ ಮುಂಬಯಿಗಳಿಗೆ ಕೂಲಿಗಾಗಿ ಹೋದ ನಮ್ಮದೇ ಜಿಲ್ಲೆಗಳ ಮಕ್ಕಳಿದ್ದರು.

ಆದುದರಿಂದ ನಾವು ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳುವೆವು. ಮೊದಲನೆಯದು ಕಾಯದೆಯ ಮಾತು. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯದೆಯು ಗಡಿ ಮುಚ್ಚುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಆ ಅಧಿಕಾರವಿರಲಿ, ಆದರೆ ರೋಗಿ, ಬಸುರಿ, ಅವರ ಶುಶ್ರೂಷೆಗೆ ಹೊರಟ ಒಬ್ಬ ಆಪ್ತ, ತಂದೆತಾಯಿಗಳ ಅಂತ್ಯಕ್ರಿಯೆಗೆ ಹೊರಟ ಮಕ್ಕಳು, ಇವರಿಗೆ ತಪಾಸಣೆಯ ಮೇಲೆ ದಾರಿ ಬಿಡಲೇಬೇಕೆಂಬ ಕಟ್ಟನ್ನು ಕಾಯದೆಯಲ್ಲಿಯೇ ಬರೆಯಬೇಕು, ಅಧಿಕಾರಿಯ ದಯೆಗೆ ಬಿಡಬಾರದು. ನೆರೆಯ ಸರಕಾರಗಳೊಡನೆ ಕರಾರುಗಳೂ ಆಗಬೇಕು. ಕೇರಳವು ದಕ್ಷಿಣ ವಲಯ ಪರಿಷತ್ತಿನಲ್ಲಿ ನಮ್ಮೊಡನೆ ಕೂಡುವದು; ಮಹಾರಾಷ್ಟ್ರವಾದರೋ ಪಶ್ಚಿಮ ವಲಯಕ್ಕೆ ಸೇರಿದುದು. ಅಕ್ಕಲಕೋಟೆ, ಸೊಲ್ಲಾಪುರ, ಜತ್ತಿನ ಕನ್ನಡಿಗರಿಗಾಗಿ ಅದರೊಡನೆ ಬೇರೆಯಾಗಿಯೇ ಮಾತಾಡಬೇಕಾಗುವದು.

ಎರಡನೆಯದು ಊರಿನ ಕೆಲಸ. ಯಾವ ಮನೆಯವರು ಯಾವ ಊರಿಗೆ ದುಡಿಯಲು ಹೋಗಿರುವರು, ಅವರ ಫೋನ್ ಸಂಖ್ಯೆ ಯಾವುದು ಎಂಬ ಪುಸ್ತಕವೊಂದು ಪ್ರತಿ ಗ್ರಾಮ ಪಂಚಾಯತಿಯಲ್ಲಿರಬೇಕು. ಶಿಕ್ಷಕ ಬಂಧುಗಳೇ, 2020ರಲ್ಲಿ ಅನೇಕ ಕಡೆ ಶಾಲೆಯ ಕೋಣೆಗಳೇ ಮರಳಿ ಬಂದವರ ವಸತಿಗಳಾದವು. ಮನೆಮನೆಯ ಸಮೀಕ್ಷೆಗೂ ತಮ್ಮನ್ನೇ ಕಳಿಸಿದರು. ಈ ಪುಸ್ತಕವನ್ನು ಬರೆಯಿಸಲು ತಮಗಿಂತ ತಕ್ಕವರು ಊರಿನಲ್ಲಿಲ್ಲ.

ಮೂರನೆಯದು ಮನೆಯ ಮಾತು. ರೋಗ ಹೊಕ್ಕ ಮನೆಯ ಹೊಸ್ತಿಲಿಗೆ ನೀರು, ರೊಟ್ಟಿ, ಔಷಧಗಳನ್ನು ಮುಟ್ಟಿಸುವ ಸರದಿಯನ್ನು ಓಣಿಯವರು ಮೊದಲೇ ಗೊತ್ತುಮಾಡಿಕೊಳ್ಳಲಿ. ಜ್ವರ ಬಂದ ತಾಯಿಯು ಮಲಗಲು ಆಗ ಎಡೆಯಾಗುವದು. 1918ರಲ್ಲಿ ಆಕೆಗೆ ಮಲಗಲು ಎಡೆಯಿರಲಿಲ್ಲ.

ನಕಾಶೆಯ ಮೇಲೆ ಗೆರೆಯನ್ನು ಸರಿಪಡಿಸುವ ಕೆಲಸವು ನಮ್ಮ ಹಿರಿಯರ ಪುಣ್ಯದಿಂದ ಬಹುಮಟ್ಟಿಗೆ ಆಗಿದೆ. ಉಳಿದ ಕೆಲಸ ನಮ್ಮದು. ಮುಂದಿನ ಮಹಾಮಾರಿಯು ಎಂದು ಬರುವದೋ ಯಾರೂ ಹೇಳಲಾರರು. ಅದು ಬಂದ ದಿನ ತಲಪಾಡಿಯ ದಾರಿಯಲ್ಲಿ ರೋಗಿಯ ಗಾಡಿಗೆ ತೆರವು ಸಿಕ್ಕುವಂತೆ ಈಗಲೇ ಕಾಯದೆ ಮಾಡಿಸುವದು ನಮ್ಮ ಕೈಯಲ್ಲಿದೆ. ಬರುವ ವಿಧಾನಸಭೆಯ ಅಧಿವೇಶನದಲ್ಲಿ ಈ ಮಾತನ್ನು ಎತ್ತುವಂತೆ ವಾಚಕರು ತಮ್ಮ ತಮ್ಮ ಪ್ರತಿನಿಧಿಗಳಿಗೆ ಇಂದೇ ಪತ್ರ ಬರೆಯಬೇಕೆಂದು ನಾವು ಬಿನ್ನವಿಸುವೆವು.