ಕೆಂಪು ವೃತ್ತದೊಳಗಿನ ಮುಖ

ಬಿಳಿಗಿರಿರಂಗನ ಕಾಡಂಚಿನ ಪುಣಜನೂರಿನಲ್ಲಾಗಲಿ, ಸುತ್ತಲ ಸೋಲಿಗರ ಪೋಡುಗಳಲ್ಲಾಗಲಿ ಕಾಯಿಲೆ ಕೈಮೀರಿದರೆ ಜನ ಕೊನೆಗೆ ಹೋಗಿ ನಿಲ್ಲುವುದು ಚಾಮರಾಜನಗರದ ಜಿಲ್ಲಾಸ್ಪತ್ರೆಯ ಮುಂದೆ. 2021ರ ಮೇ 2 ಮತ್ತು 3ರ ನಡುವೆ, 24 ಗಂಟೆಗಳೊಳಗೆ, ಅಲ್ಲಿ 24 ರೋಗಿಗಳು ತೀರಿಕೊಂಡರು. ಆಗ ಕೊರೊನಾ ಕರ್ಫ್ಯೂ ಇತ್ತು. ನಮ್ಮದೇ ಆಸ್ಪತ್ರೆಯ ಗೇಟನ್ನು ನಾವು ಟಿವಿಯಲ್ಲೇ ನೋಡಬೇಕಾಯಿತು.

ಟಿವಿ ಅಂದು ಮಾಡಿದ ಕೆಲಸವನ್ನು ಕಡೆಗಣಿಸುವಂತಿಲ್ಲ. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಅದೇ ಹೊತ್ತಿಗೆ, ರಾತ್ರಿಯಿಡೀ ಒಳಗಿದ್ದವರ ಹೆಂಡತಿ ಮಕ್ಕಳು ಕ್ಯಾಮೆರಾ ಮುಂದೆ ನಿಂತು, ಯಾವ ಹೊತ್ತಿನಲ್ಲಿ ಫೋನ್ ಬಂತು, ಉಸಿರು ಸಿಗುತ್ತಿಲ್ಲವೆಂದು ಒಳಗಿನಿಂದ ಏನು ಹೇಳಿದರು ಎಂಬುದನ್ನು ವಿವರಿಸುತ್ತಿದ್ದರು. ರಾಜಧಾನಿಯಿಂದ ದೂರವಿರುವ, ಹಿಂದುಳಿದದ್ದೆಂದೇ ಕರೆಸಿಕೊಳ್ಳುವ ಜಿಲ್ಲೆಯ ಸಾವುಗಳು ಕಡತದೊಳಗೆ ಕರಗಿಹೋಗದಂತೆ ತಡೆದದ್ದರಲ್ಲಿ ಆ ದೃಶ್ಯಗಳ ಪಾಲು ಸಣ್ಣದೇನಲ್ಲ. ಹೈಕೋರ್ಟ್ ಕೂಡ ತಡಮಾಡದೆ ವಿಷಯವನ್ನು ಕೈಗೆತ್ತಿಕೊಂಡು, ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿಯಿಂದ ವರದಿ ತರಿಸಿಕೊಂಡಿತು.

ಆದರೆ ಸಂಜೆಯ ಹೊತ್ತಿಗೆ ಕಥೆಯ ಆಕಾರವೇ ಬದಲಾಗಿತ್ತು. ಚಾಮರಾಜನಗರಕ್ಕೆ ಸಿಲಿಂಡರ್ ಬರಬೇಕಾದದ್ದು ಮೈಸೂರಿನಿಂದ. ಮೈಸೂರು ಜಿಲ್ಲಾಡಳಿತ ಅದನ್ನು ತಡೆಯಿತೆಂಬ ಆರೋಪ ಎದ್ದದ್ದೇ ತಡ, ಪರದೆ ಎರಡು ಹೋಳಾಯಿತು: ಒಂದೆಡೆ ಒಬ್ಬ ಜಿಲ್ಲಾಧಿಕಾರಿಯ ಚಿತ್ರ, ಇನ್ನೊಂದೆಡೆ ಮತ್ತೊಬ್ಬರದು, ನಡುವೆ ಮಿಂಚಿನ ಗೆರೆ, ಒಂದು ಮುಖದ ಸುತ್ತ ಕೆಂಪು ವೃತ್ತ. ಸಮಿತಿಯ ವರದಿಯಾದರೋ ಮೈಸೂರಿನ ಜಿಲ್ಲಾಧಿಕಾರಿ ಪೂರೈಕೆ ತಡೆದರೆಂಬುದನ್ನು ಒಪ್ಪದೆ, ಚಾಮರಾಜನಗರದ ಆಡಳಿತ ಮತ್ತು ಆಸ್ಪತ್ರೆಯ ನಿರ್ವಹಣೆಯಲ್ಲಿನ ಲೋಪಗಳತ್ತ ಬೊಟ್ಟುಮಾಡಿತು. ಆರೋಪಕ್ಕೆ ಸಿಕ್ಕಷ್ಟು ಗಂಟೆಗಳು ಈ ವರದಿಗೆ ಸಿಕ್ಕದ್ದನ್ನು ನಾನಂತೂ ಕಾಣಲಿಲ್ಲ.

ಇದಕ್ಕೆ ಸುದ್ದಿಮನೆಯವರು ಕೊಡುವ ಉತ್ತರ ಹಗುರವಾದದ್ದಲ್ಲ. ವರದಿ ಬರುವವರೆಗೆ ಯಾರ ಹೆಸರನ್ನೂ ಎತ್ತಬಾರದೆಂದರೆ ಯಾರೂ ಉತ್ತರ ಕೊಡಬೇಕಿಲ್ಲ ಎಂದಂತಾಗುತ್ತದೆ ಎನ್ನುತ್ತಾರೆ ಅವರು. ‘ವ್ಯವಸ್ಥೆಯ ಲೋಪ’ ಎಂಬ ಮಾತು ಎಲ್ಲರನ್ನೂ ದೂಷಿಸುತ್ತದೆ, ಆದ್ದರಿಂದಲೇ ಯಾರಿಗೂ ತಟ್ಟುವುದಿಲ್ಲ. ಸಿಲಿಂಡರಿಗೆ ಸಹಿ ಹಾಕಬೇಕಾದವರು, ಫೋನ್ ಎತ್ತಬೇಕಾದವರು ಮನುಷ್ಯರೇ. ವಿಚಾರಣೆಗಳು ವರ್ಷಗಟ್ಟಲೆ ಎಳೆಯುವ ನಾಡಿನಲ್ಲಿ ಅಧಿಕಾರಿ ಮರುದಿನವೇ ಬೆವರುವುದು ಕ್ಯಾಮೆರಾ ಕಂಡಾಗ ಮಾತ್ರ. ಮಗನನ್ನು ಕಳೆದುಕೊಂಡ ತಾಯಿಗೆ ಸಂಯಮದ ಪಾಠ ಹೇಳುವ ಹಕ್ಕು ನಮಗಿದೆಯೇ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ.

ಆ ತಾಯಿಯ ಕಡೆಯಿಂದಲೇ ನೋಡಿದರೂ ಒಂದು ತಕರಾರು ಉಳಿಯುತ್ತದೆ. ಅವಳು ಅಳುವಾಗ ಮೈಕು ಮುಖಕ್ಕೆ ಬಂದಿತ್ತು. ಅವಳು ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿ ಅಲೆಯುವಾಗ ಬಂತೇ? ನಂತರದ ಲೆಕ್ಕಗಳಲ್ಲಿ ಸತ್ತವರ ಸಂಖ್ಯೆ 36ಕ್ಕೆ ಏರಿತು. ಮೊದಲ ಪರಿಹಾರ ಮಾತ್ರ 24 ಕುಟುಂಬಗಳ ಪಟ್ಟಿಗೇ ನಿಂತಿತು. ಆ ಪಟ್ಟಿಯಾಚೆ ಉಳಿದವರು ಸಂತ್ರಸ್ತರ ಪಾತ್ರಕ್ಕೂ ಒದಗಲಿಲ್ಲ. ಬರಿಯ ಕಣ್ಣೀರಾಗಿ ತೋರಿಸಲಾದ ಹೆಂಗಸು ಲೆಕ್ಕ ಕೇಳುವ ನಾಗರಿಕಳೂ ಹೌದೆಂಬುದು ಪರದೆಯಿಂದ ಜಾರಿಹೋಯಿತು.

ಖಳನ ಪಾತ್ರಕ್ಕೆ ಸಿಕ್ಕುವವನು ಅಧಿಕಾರಿಯಲ್ಲದೆ ಬಡವನಾದಾಗ ತಕ್ಕಡಿ ಇನ್ನಷ್ಟು ವಾಲುತ್ತದೆ. 2025ರ ಜೂನ್ 26ರಂದು ಮಲೆಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು, ಬಂಧನಗಳೂ ಆದವು. ಐದು ಹುಲಿಗಳ ಸಾವನ್ನು ಹಗುರವಾಗಿ ಕಾಣಬೇಕೆಂದು ಯಾರೂ ಹೇಳುವುದಿಲ್ಲ, ಆ ಸಿಟ್ಟು ನ್ಯಾಯವಾದದ್ದೇ. ಆದರೂ ದನವೇ ಬದುಕಾದ ಕಾಡಂಚಿನವನ ಲೆಕ್ಕ ಬೇರೆ. ಗಸ್ತು ತಿರುಗಬೇಕಾದ ಹೊರಗುತ್ತಿಗೆ ಸಿಬ್ಬಂದಿಗೆ ಸಂಬಳ ಬಾಕಿ ಇದ್ದ ಸಂಗತಿಯೂ ಹೊರಬಂತು. ಜಿಲ್ಲಾಧಿಕಾರಿಗೆ ಸ್ಪಷ್ಟನೆ ಕೊಡಲು ಕಚೇರಿಯಿದೆ, ವಕೀಲರಿದ್ದಾರೆ. ದನಗಾಹಿಯ ಮುಖ ಒಮ್ಮೆ ಪರದೆಗೆ ಬಂದರೆ ಅಳಿಸಲು ಅವನ ಬಳಿ ಏನೂ ಇಲ್ಲ.

ಚಾಮರಾಜನಗರದ ದುರಂತಕ್ಕೆ ನಾಲ್ಕು ತಿಂಗಳ ಮೊದಲು, 2021ರ ಜನವರಿಯಲ್ಲಿ, ಬಾಂಬೆ ಹೈಕೋರ್ಟ್ ನಟ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದ ಪ್ರಸಾರಗಳನ್ನು ಕುರಿತು, ಇಂಥ ಮಾಧ್ಯಮ ವಿಚಾರಣೆ ತನಿಖೆಗೆ ಅಡ್ಡಿಯಾಗುತ್ತದೆಂದು ಹೇಳಿತ್ತು. ಆದರೆ ಮಾಧ್ಯಮಗಳ ಮೇಲಿನ ಕಟ್ಟಳೆ ಬಿಗಿಯಾದಷ್ಟೂ ಅದನ್ನು ಮೊದಲು ಗುರಾಣಿ ಮಾಡಿಕೊಳ್ಳುವವರು ಅಧಿಕಾರದಲ್ಲಿರುವವರೇ. ಹಾಗಾಗಿ ಕಾನೂನಿನ ಕೈ ಉದ್ದವಾಗಲಿ ಎನ್ನಲು ನನಗೆ ಧೈರ್ಯ ಸಾಲದು.

ಎರಡನ್ನೂ ತೂಗಿದಾಗ, ಸಂಪೂರ್ಣ ಖಚಿತವಾಗಿ ಅಲ್ಲದಿದ್ದರೂ, ನನ್ನ ಒಲವು ಇಷ್ಟು: ಹುದ್ದೆಯಲ್ಲಿರುವವರನ್ನು ಮೊದಲ ದಿನವೇ ಹೆಸರು ಹಿಡಿದು ಪ್ರಶ್ನಿಸಲಿ, ಆದರೆ ಪ್ರಶ್ನೆ ಪ್ರಶ್ನೆಯಾಗಿಯೇ ಇರಲಿ, ಕೆಂಪು ವೃತ್ತ ಬೇಡ. ಹುದ್ದೆಯಿಲ್ಲದ ಆರೋಪಿಯ ಮುಖವನ್ನು ನ್ಯಾಯಾಲಯ ತೀರ್ಮಾನಿಸುವವರೆಗೆ ಮರೆಮಾಡಲಿ. ಆರೋಪ ಬಿತ್ತರವಾದ ಅದೇ ಹೊತ್ತಿನಲ್ಲಿ, ಅಷ್ಟೇ ಅವಧಿಗೆ, ವರದಿಯೂ ಬಿತ್ತರವಾಗಲಿ. ಗೇಟಿನ ಬಳಿ ಅಳುತ್ತಿದ್ದವರನ್ನು ಕೇಳಿಯೇ ಚಿತ್ರೀಕರಿಸಲಿ, ವರ್ಷ ಕಳೆದ ಮೇಲೆ ಕ್ಯಾಮೆರಾ ಅವರ ಮನೆಗೆ ಮತ್ತೆ ಹೋಗಲಿ, ಪಟ್ಟಿಯಲ್ಲಿ ಹೆಸರಿಲ್ಲದವರ ಮನೆಗೂ.