ಮದ್ದೂರಿನ ಕಾಲರ್‌ಗೆ ಕೂಲಿ ಯಾಕೆ ಕಮ್ಮಿ?

ಬೆಳಿಗ್ಗೆ ಏಳರ ಹೊತ್ತಿಗೆ ಮದ್ದೂರಿನ ಹೆದ್ದಾರಿ ಬದಿಯಲ್ಲಿ ನಿಂತರೆ ಗಾರ್ಮೆಂಟ್ಸ್ ವ್ಯಾನುಗಳು ಒಂದರ ಹಿಂದೊಂದು ಹೋಗುತ್ತವೆ. ಒಳಗೆ ಸುತ್ತಲ ಹಳ್ಳಿಗಳ ಹೆಂಗಸರು, ತೊಡೆಯ ಮೇಲೆ ಊಟದ ಡಬ್ಬಿ. ಕಾಲರ್ ಕೂರಿಸುವ ಒಬ್ಬಾಕೆ ನನ್ನನ್ನು ಕೇಳಿದ್ದರು: “ಬೆಂಗ್ಳೂರಲ್ ಹೊಲಿಯೋದೂ ಇದೇ ಕಾಲರ್ರು, ಇಲ್ ಹೊಲಿಯೋದೂ ಇದೇ ಕಾಲರ್ರು. ಸಂಬಳ ಮಾತ್ರ ಯಾಕಣ್ಣ ಬೇರೆ?”

ಸರ್ಕಾರದ ಕಡತದಲ್ಲಿ ಇದಕ್ಕಿರುವ ಉತ್ತರ ಒಂದೇ ಪದ: ವಲಯ. 2025ರ ಏಪ್ರಿಲ್‌ನಲ್ಲಿ ಹೊರಬಿದ್ದ ಕನಿಷ್ಠ ವೇತನದ ಕರಡು ಅಧಿಸೂಚನೆಯೂ ರಾಜ್ಯವನ್ನು ಮೂರು ವಲಯಗಳಾಗಿ ಹೋಳು ಮಾಡಿತು. ಕೌಶಲವಿಲ್ಲದ ಕೆಲಸಕ್ಕೆ ಬೆಂಗಳೂರಿನಲ್ಲಿ ತಿಂಗಳಿಗೆ 23,376 ರೂಪಾಯಿ, ತಾಲ್ಲೂಕು ಊರುಗಳಲ್ಲೂ ಹಳ್ಳಿಗಳಲ್ಲೂ 19,319. ತಿಂಗಳಿಗೆ ನಾಲ್ಕು ಸಾವಿರಕ್ಕೂ ಹೆಚ್ಚಿನ ಅಂತರ.

ಆ ಕರಡು ಬಂದಿದ್ದೇ ತಡ, ಕೈಗಾರಿಕಾ ಸಂಘಗಳು ಬೊಬ್ಬೆ ಹಾಕಿದವು. ಕಾರ್ಖಾನೆ ಮುಚ್ಚುತ್ತವೆ, ಬೇರೆ ರಾಜ್ಯಕ್ಕೆ ಹೋಗುತ್ತವೆ ಎಂದವು. ಆದರೆ ಈ ಮೊತ್ತ ಯಾರದೋ ಔದಾರ್ಯದ ಲೆಕ್ಕವಲ್ಲ. ಮೂವರಿಗೆ ಸಾಕಾಗುವ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಎಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟ ಲೆಕ್ಕ ಅದು. ಮಕ್ಕಳ ಓದು, ಔಷಧಿ, ಮದುವೆ ಮುಂತಾದವಕ್ಕೆ ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಮನುಷ್ಯರಂತೆ ಬದುಕಲು ಬೇಕಾದ ಕನಿಷ್ಠ ಇದು.

ಹಳ್ಳಿಯಲ್ಲಿ ಬಾಡಿಗೆ ಅಗ್ಗ ಎಂಬ ವಾದ ನನಗೆ ಗೊತ್ತು. ಆದರೆ ಗ್ಯಾಸ್ ಸಿಲಿಂಡರಿಗೆ, ಅಡುಗೆ ಎಣ್ಣೆಗೆ, ಮೊಬೈಲ್ ರೀಚಾರ್ಜಿಗೆ ವಲಯವಿದೆಯೇ? ಮಗುವಿಗೆ ಜ್ವರ ಬಿಡದಿದ್ದರೆ ಹಳ್ಳಿಯವರು ಮಂಡ್ಯಕ್ಕೋ ಮೈಸೂರಿಗೋ ಓಡಬೇಕು, ಅಂದಿನ ಸಂಬಳ ಕಳೆದುಕೊಂಡು. ಬಾಡಿಗೆಯಲ್ಲಿ ಉಳಿದದ್ದು ಅಲ್ಲಿಗೇ ಸರಿಹೋಗುತ್ತದೆ.

2011ರ ಜನಗಣತಿಯಂತೆ ಈ ರಾಜ್ಯದ ಶೇ 61 ಮಂದಿ ಹಳ್ಳಿಗರು. ಅವರ ದುಡಿಮೆ ಅಗ್ಗ ಎಂದು ಸರ್ಕಾರವೇ ಮೊಹರು ಒತ್ತಿದರೆ ಯಾದಗಿರಿ, ರಾಯಚೂರಿನವರು ಗುಳೆ ಹೋಗದೆ ಮತ್ತೇನು ಮಾಡಿಯಾರು? ಅದೇ ಕರಡಿನ 19,319ನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 743 ರೂಪಾಯಿ. 2025-26ರಲ್ಲಿ ಉದ್ಯೋಗ ಖಾತ್ರಿಯಡಿ ಕರ್ನಾಟಕಕ್ಕೆ ಕೇಂದ್ರ ಗೊತ್ತುಮಾಡಿದ ಕೂಲಿ 370. ಬದುಕಲು ಬೇಕಾದದ್ದರ ಅರ್ಧವನ್ನು ಸರ್ಕಾರವೇ ಕೊಡುತ್ತಿದ್ದರೆ ಖಾಸಗಿಯವರು ಯಾಕೆ ನಾಚಬೇಕು?

ಕೊಡಬೇಕಾದ್ದನ್ನು ತಡೆಹಿಡಿದ ಚರಿತ್ರೆಯೂ ನಮ್ಮಲ್ಲಿದೆ. 2018ರಲ್ಲಿ ಗಾರ್ಮೆಂಟ್ಸ್ ವೇತನ ಏರಿಸುವ ಅಧಿಸೂಚನೆ ತಿಂಗಳೊಪ್ಪತ್ತಿನಲ್ಲೇ ವಾಪಸಾಯಿತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತಿಂಗಳಿಗೆ ಬರೀ 417 ರೂಪಾಯಿಯ ತುಟ್ಟಿಭತ್ಯೆಯನ್ನು ಸರ್ಕಾರ ಮುಂದಕ್ಕೆ ಹಾಕಿತು. ಹೈಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಅನೇಕ ಕಾರ್ಖಾನೆಗಳ ಹೆಂಗಸರು ಬಾಕಿಗಾಗಿ 2022ರ ತನಕ ಕಾದರು. ನಾನ್ನೂರ ಹದಿನೇಳು ರೂಪಾಯಿಗೆ!

ಈಗ ಗೃಹಲಕ್ಷ್ಮಿಯ ಎರಡು ಸಾವಿರವಿದೆ, ಬಸ್ಸು ಉಚಿತ. ಆ ಹಣ ಹೆಂಗಸರ ಕೈಸೇರುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸಾಕಾಗದ ಸಂಬಳವನ್ನು ಬೊಕ್ಕಸ ತುಂಬಿಕೊಟ್ಟರೆ ಅದರ ಅರ್ಧ ಲಾಭ ಕಾರ್ಖಾನೆಯ ಮಾಲೀಕರಿಗೇ ಸೇರಿತು.

ಹತ್ತು ಜನರನ್ನಿಟ್ಟುಕೊಂಡು ನಡೆಸುವ ಸಣ್ಣ ವರ್ಕ್‌ಶಾಪಿನವರ ಕಷ್ಟ ನಿಜ. ದೊಡ್ಡ ಕಂಪನಿಗಳು ಅವರ ಬಿಲ್ಲನ್ನು ತಿಂಗಳುಗಟ್ಟಲೆ ಬಾಕಿ ಇಡುತ್ತವೆ. ಅದನ್ನು ಸಮಯಕ್ಕೆ ಕೊಡಿಸಿ, ಸಾಲದ ಬಡ್ಡಿ ಇಳಿಸಿ. ಅವರನ್ನು ಮುಂದೆ ನಿಲ್ಲಿಸಿ, ವಿದೇಶಕ್ಕೆ ಲಕ್ಷಗಟ್ಟಲೆ ಷರ್ಟು ಕಳಿಸುವ ಕಾರ್ಖಾನೆಗಳು ಹಿಂದೆ ಅಡಗಿಕೊಳ್ಳುವುದನ್ನು ಒಪ್ಪಲಾಗದು.

ವಲಯಗಳನ್ನು ಕಿತ್ತುಹಾಕಿ. ರಾಜ್ಯಕ್ಕೆಲ್ಲ ಒಂದೇ ಕನಿಷ್ಠ ವೇತನವಿರಲಿ. ಜವಳಿ ನೀತಿಯಡಿ ಸಹಾಯಧನ ಕೇಳುವ ಪ್ರತಿ ಅರ್ಜಿಯ ಜೊತೆ ಹಿಂದಿನ ಹನ್ನೆರಡು ತಿಂಗಳ ಸಂಬಳ ಚೀಟಿ, ಪಿಎಫ್ ಪಾವತಿಯ ರಸೀದಿ ಲಗತ್ತಿಸಲಿ. ಅವನ್ನು ಕಾರ್ಮಿಕ ನಿರೀಕ್ಷಕರು ಹೆಲ್ಪರ್, ಟೈಲರ್‌ಗಳ ಎದುರೇ ಓದಿ, ಸರಿಯೋ ತಪ್ಪೋ ಎಂದು ಅವರಿಂದಲೇ ಹೇಳಿಸಿ, ಆಮೇಲೆ ಸಹಿ ಹಾಕಲಿ.